ಬಾಗಿಲಿಗೆ ಬೋರ್ಡ್ ಹೊಡೀಬೇಡಿ

ಭಾಗ 1/8

"ಅಕ್ಕಾ, ವೆಬ್‌ಸೈಟ್ ರೆಡಿ ಇದೆ. ಮೊದಲನೇ ಆಡ್ ಎಲ್ಲಿ ಹಾಕ್ಲಿ? ಎಷ್ಟು ಹಾಕಿದ್ರೆ ಜಾಸ್ತಿ ಬರುತ್ತೆ?"

ಎರಡು ವಾರದಿಂದ ಡಿಎಂನಲ್ಲಿ ಬರ್ತಿರೋ ಪ್ರಶ್ನೆಗಳಲ್ಲಿ ಅರ್ಧ ಇದೇ. ಉತ್ತರ ಕೊಡ್ತೀನಿ. ಒಂದು ಕ್ಯಾಪ್ಷನ್‌ಗೆ ಹಿಡಿಸಲ್ಲ, ಅದಕ್ಕೆ ಎಂಟು ಪೋಸ್ಟ್. ಆದ್ರೆ ಮೊದಲೇ ಹೇಳಿಬಿಡ್ತೀನಿ, ನನ್ನ ಜಗಳ ಇರೋದೇ "ಎಷ್ಟು" ಅನ್ನೋ ಆ ಮಾತಿನ ಮೇಲೆ. ಅದನ್ನ ನಮಗೆ ಕಲಿಸಿದವರು ಯಾರು? ಯಾರದೋ ಕಾರಿನ ಮುಂದೆ ನಿಂತು "ಮಲಗಿದ್ದಾಗ್ಲೂ ದುಡ್ಡು ಬರುತ್ತೆ" ಅಂತ ರೀಲ್ ಮಾಡಿ, ಬಯೋದಲ್ಲಿ 1,999 ರೂಪಾಯಿ ಕೋರ್ಸಿನ ಲಿಂಕ್ ಇಡೋ ಗುರುಗಳು.

ಹೊಸಬರಿಗೆ ನನ್ನ ಪರಿಚಯ: ವಯಸ್ಸು 20, ಬಿಕಾಂ. ಕನ್ನಡ ಮಾಧ್ಯಮದವರಿಗೆ ಅಕೌಂಟೆನ್ಸಿ ನೋಟ್ಸ್ ಹಾಕೋ ಒಂದು ಪುಟ್ಟ ವೆಬ್‌ಸೈಟ್ ನಡೆಸ್ತೀನಿ. ಸವಕಳಿ, ನಗದು ಪುಸ್ತಕ, ತಾಳೆಪಟ್ಟಿ, ಅಢಾವೆ ಪತ್ರಿಕೆ, ಇಂಥವು.

ಅಪ್ಪನದು ದಾವಣಗೆರೆ ಹತ್ತಿರದ ಹಳ್ಳೀಲಿ ಕಿರಾಣಿ ಅಂಗಡಿ. ನಾನು ಹೈಸ್ಕೂಲಲ್ಲಿದ್ದಾಗ ಒಂದು ತಂಪುಪಾನೀಯ ಕಂಪನಿಯವರು ಬಂದು ಅಂಗಡಿಗೆ ಪುಕ್ಕಟೆ ಬೋರ್ಡ್ ಮಾಡಿಕೊಡ್ತೀವಿ ಅಂದ್ರು. ಕಂಪನಿ ಹೆಸರು ದೊಡ್ಡದಾಗಿ, ಅಂಗಡಿ ಹೆಸರು ಮೂಲೇಲಿ. ಅಪ್ಪ ಹೂಂ ಅಂದ್ರು. ಆಮೇಲೆ ಆತ ಬಾಗಿಲ ಪಕ್ಕ ಒಂದು ಸ್ಟ್ಯಾಂಡು, ಮೆಟ್ಟಿಲ ಮೇಲೆ ಒಂದು ಡಬ್ಬ ಇಡೋಕೆ ಬಂದ. ಅಪ್ಪ ಅಂದಿದ್ದು ಇಷ್ಟೇ: "ಗೋಡೆ ಎಷ್ಟು ಬೇಕೋ ತಗೋಳಪ್ಪ. ಬಾಗಿಲು ಮುಟ್ಟಬೇಡ. ಬಾಗಿಲಿಗೆ ಬೋರ್ಡ್ ಹೊಡುದ್ರೆ ಗಿರಾಕಿ ಎಲ್ಲಿಂದ ಒಳಗೆ ಬರ್ತಾನೆ?"

ಆಡ್ ಯೂನಿಟ್ ಬಗ್ಗೆ ನಾನು ಹೇಳಬೇಕಾಗಿರೋದೆಲ್ಲ ಆ ಮಾತಲ್ಲೇ ಇದೆ. ಮೊದಲನೇ ಯೂನಿಟ್ ಒಂದೇ ಇರಲಿ. ಅದು ಗೋಡೆ ಮೇಲಿರಲಿ, ಬಾಗಿಲ ಮೇಲೆ ಬೇಡ. ಉಳಿದ ಏಳು ಪೋಸ್ಟ್ ಯಾಕೆ ಅಂತ ಹೇಳೋಕೆ.

—

ಭಾಗ 2/8

ಮೊದಲು ಇದು ಹೇಗೆ ನಡೆಯುತ್ತೆ ಅಂತ ತಿಳ್ಕೊಳ್ಳೋಣ. ತಿಳಿದವರಿಗೆ ಮೋಸ ಮಾಡೋದು ಕಷ್ಟ.

ಆಡ್ ಯೂನಿಟ್ ಅಂದ್ರೆ ನಿಮ್ಮ ಪುಟದಲ್ಲಿ ನೀವು ಬಾಡಿಗೆಗೆ ಬಿಟ್ಟ ಒಂದು ಖಾಲಿ ಚೌಕ. ಅಲ್ಲಿ ಯಾರ ಜಾಹೀರಾತು ಬರಬೇಕು ಅಂತ ನೀವು ಆರಿಸಲ್ಲ. ಓದುಗ ಪುಟ ತೆರೆದ ಆ ಕ್ಷಣದಲ್ಲೇ ಹರಾಜು ನಡೆಯುತ್ತೆ. ಗೆದ್ದವನ ಜಾಹೀರಾತು ಆ ಚೌಕದಲ್ಲಿ ಕೂರುತ್ತೆ. ಪಕ್ಕದಲ್ಲಿ ಕೂತ ನಿಮ್ಮ ಗೆಳತಿಗೆ ಅದೇ ಪುಟದಲ್ಲಿ ಬೇರೇನೋ ಕಾಣಬಹುದು.

ನಮ್ಮಲ್ಲಿ ಹೆಚ್ಚಿನವರು ಶುರು ಮಾಡೋದು ಗೂಗಲ್ ಆಡ್‌ಸೆನ್ಸ್‌ನಿಂದ. 2003ರಿಂದ ಇರೋ ವ್ಯವಸ್ಥೆ. ಹಂಚಿಕೆ ಹೇಗೆ ಅಂತ 2023ರ ನವೆಂಬರ್‌ನಲ್ಲಿ ಅವರೇ ಬಿಡಿಸಿ ಹೇಳಿದ್ರು. ಜಾಹೀರಾತುದಾರ ಗೂಗಲ್ ಆಡ್ಸ್ ಮೂಲಕ 100 ರೂಪಾಯಿ ಕೊಟ್ಟ ಅಂದ್ಕೊಳ್ಳಿ. ಅಲ್ಲಿ ಸರಾಸರಿ 15 ಹಿಡೀತಾರೆ, ಉಳಿದದ್ದು 85. ಅದರ ಶೇ. 80 ಸೈಟಿನವರಿಗೆ, ಅಂದ್ರೆ 68. ಬಿಕಾಂನವರು ಒಂದ್ಸಲ ಕ್ಯಾಲ್ಕುಲೇಟರ್ ಒತ್ತಿ ನೋಡಿ, ಸರಿ ಬರುತ್ತೆ.

ಆ ಪ್ರಕಟಣೆಯಲ್ಲೇ ಇನ್ನೊಂದು ವಿಷಯ ಇತ್ತು. ರೀಲ್ ಗುರುಗಳು ಇವತ್ತಿಗೂ ಅದನ್ನ ಹೇಳಲ್ಲ. 2024ರ ಶುರುವಿನಿಂದ ಸೈಟಿನವರಿಗೆ ದುಡ್ಡು ಲೆಕ್ಕ ಹಾಕೋದು ಕ್ಲಿಕ್ ಮೇಲಲ್ಲ, ಜಾಹೀರಾತು ಕಾಣಿಸಿಕೊಂಡದ್ದರ ಮೇಲೆ. "ಕ್ಲಿಕ್ ಬರಿಸೋ ಐದು ಗುಟ್ಟು" ಅಂತ ಮಾರ್ತಿದಾರಲ್ಲ, ಅದು ಹಳೇ ಪಂಚಾಂಗ.

ಹಾಗಂತ ಕ್ಲಿಕ್‌ಗೆ ಬೆಲೆಯೇ ಇಲ್ಲ ಅಂತಲ್ಲ. ಜನ ಹೆಚ್ಚು ಒತ್ತೋ ಜಾಗಕ್ಕೆ ಹರಾಜಲ್ಲಿ ಬೆಲೆ ಏರುತ್ತೆ. ಆಸೆ ಹುಟ್ಟೋದೂ ಅಲ್ಲೇ, ತಪ್ಪು ಶುರುವಾಗೋದೂ ಅಲ್ಲೇ. ನಾನೂ ಅಲ್ಲೇ ಜಾರಿದ್ದು. ಅದು 4ನೇ ಪೋಸ್ಟ್‌ನಲ್ಲಿ.

—

ಭಾಗ 3/8

ಇದು ಮಾಡೋ ಕೆಲಸ. ಸೇವ್ ಮಾಡಿಟ್ಕೊಳ್ಳಿ.

ಖಾತೆಗೆ 18 ವರ್ಷ ತುಂಬಿರಬೇಕು. ಸೈಟ್ ಸೇರಿಸಿದ ಮೇಲೆ ಒಂದು ಚಿಕ್ಕ ಕೋಡ್ ಕೊಡ್ತಾರೆ. ಅದನ್ನ ಪುಟದ ಹೆಡ್ ಭಾಗದಲ್ಲಿ ಹಾಕಿದ್ರೆ ಅವರು ಸೈಟ್ ನೋಡಿ ಒಪ್ಪಿಗೆ ಕೊಡ್ತಾರೆ. ಅದಕ್ಕೂ ಮುಂಚೆ ಆಡ್ ತೋರಿಸಲ್ಲ, ಕಾಯಬೇಕು. ಆ ಹೊತ್ತಲ್ಲಿ ಇನ್ನೆರಡು ಒಳ್ಳೇ ಪುಟ ಬರೀರಿ. ಬೇರೆಯವರದ್ದು ನಕಲು ಹೊಡೆದು ಪುಟದ ಸಂಖ್ಯೆ ಏರಿಸಬೇಡಿ.

ಒಪ್ಪಿಗೆ ಬಂದ ಮೇಲೆ ಎರಡು ದಾರಿ ಕಾಣುತ್ತೆ. ಒಂದು ಆಟೋ ಆಡ್ಸ್. ಸ್ವಿಚ್ ಒತ್ತಿದ್ರೆ ಸಾಕು, ಎಲ್ಲಿ ಹಾಕಬೇಕು, ಎಷ್ಟು ಹಾಕಬೇಕು ಅಂತ ಯಂತ್ರವೇ ತೀರ್ಮಾನ ಮಾಡುತ್ತೆ. ಇನ್ನೊಂದು, ನೀವೇ ಯೂನಿಟ್ ಮಾಡೋದು. ಆಡ್ಸ್ ಒಳಗೆ "ಬೈ ಆಡ್ ಯೂನಿಟ್" ಅಂತ ಇದೆ. ಅಲ್ಲಿ ಡಿಸ್ಪ್ಲೇ ಆಡ್ ಆರಿಸಿ, ಹೆಸರು ಕೊಡಿ, ಅಳತೆ ರೆಸ್ಪಾನ್ಸಿವ್ ಇರಲಿ, ಯಾಕಂದ್ರೆ ನಮ್ಮ ಓದುಗರು ಮೊಬೈಲಿನವರು. ಬಂದ ಕೋಡನ್ನ ಪುಟದಲ್ಲಿ ಎಲ್ಲಿ ಬೇಕೋ ಅಲ್ಲಿ ಅಂಟಿಸಿ. ಹೆಸರನ್ನ "ಆಡ್1" ಅಂತ ಇಡಬೇಡಿ. "ನೋಟ್ಸ್-ಕೊನೆ" ಅಂತ ಜಾಗದ ಹೆಸರು ಇಡಿ. ನಾಳೆ ರಿಪೋರ್ಟ್ ನೋಡುವಾಗ ಯಾವುದು ಎಲ್ಲಿದೆ ಅಂತ ತಿಳಿಯುತ್ತೆ.

ಮೊದಲ ಒಂದು ಗಂಟೆ ಆ ಜಾಗ ಖಾಲಿ ಕಾಣಬಹುದು. ಗಾಬರಿ ಬೀಳಬೇಡಿ, ಕೋಡನ್ನ ಹತ್ತು ಸಲ ಅಂಟಿಸಬೇಡಿ. ಆಡ್ಸ್ ಡಾಟ್ ಟಿಎಕ್ಸ್‌ಟಿ ಅನ್ನೋ ಫೈಲನ್ನ ಸೈಟಿನ ಬುಡದಲ್ಲಿ ಇಡಿ. ನಿಮ್ಮ ಜಾಗ ಮಾರೋ ಹಕ್ಕು ಯಾರಿಗಿದೆ ಅಂತ ಹೇಳೋ ಒಂದು ಸಾಲು ಅದು, ಅಂಗಡಿ ಲೈಸೆನ್ಸ್ ಗೋಡೆಗೆ ತೂಗುಹಾಕಿದ ಹಾಗೆ.

ಗುರುಗಳು ಹೇಳೋದು ಆಟೋ ಆನ್ ಮಾಡಿ ಅಂತ. ನಾನು ಹೇಳೋದು, ಶುರುವಿನಲ್ಲಿ ಬೇಡ. ನಿಮ್ಮ ಪುಟದಲ್ಲಿ ಬಾಗಿಲು ಯಾವುದು, ಗೋಡೆ ಯಾವುದು ಅಂತ ಯಂತ್ರಕ್ಕಿಂತ ನಿಮಗೆ ಚೆನ್ನಾಗಿ ಗೊತ್ತಿರಬೇಕು. ಗೊತ್ತಿಲ್ಲ ಅಂದ್ರೆ ಆಡ್ ಹಾಕೋ ಹೊತ್ತು ಇನ್ನೂ ಬಂದಿಲ್ಲ.

—

ಭಾಗ 4/8

ಈಗ ನನ್ನ ತಪ್ಪು.

ಶುರುವಿನಲ್ಲಿ ನಾನೂ ಎಲ್ಲ ರೀಲ್ ನೋಡಿದ್ದೆ. ನೋಟ್ಸ್ ಪುಟದ ಕೊನೇಲಿ "ಪಿಡಿಎಫ್ ಇಲ್ಲಿ ಪಡೆಯಿರಿ" ಅಂತ ಬರೆದು, ಅದರ ಕೆಳಗೆ ಆಡ್ ಯೂನಿಟ್ ಇಟ್ಟೆ. ನಿಜವಾದ ಬಟನ್ ಆಡಿನ ಕೆಳಗೆ, ಅದೂ ಸಣ್ಣ ಅಕ್ಷರದಲ್ಲಿ. ಬೇಕಂತಲೇ ಹಾಗಿಟ್ಟೆ. "ಗೊತ್ತಾಗ್ಲಿಲ್ಲ" ಅಂತ ಸುಳ್ಳು ಹೇಳಲ್ಲ. ಮೂರು ದಿನದಲ್ಲಿ ಕ್ಲಿಕ್ ಏರಿದ್ದು ನೋಡಿ ಹಾಸ್ಟೆಲ್ ರೂಮಲ್ಲಿ ಕುಣಿದಿದ್ದೆ.

ಚಿಕ್ಕಮ್ಮನ ಮಗಳು ಆಗ ದ್ವಿತೀಯ ಪಿಯುಸಿ ಕಾಮರ್ಸ್. "ಅಕ್ಕನ ಸೈಟ್" ಅಂತ ಕ್ಲಾಸಲ್ಲೆಲ್ಲ ಹೇಳ್ಕೊಂಡು ಓಡಾಡೋಳು. ಒಂದು ಸಂಜೆ ಸವಕಳಿ ಲೆಕ್ಕದ ಪಿಡಿಎಫ್‌ಗೆ ಬಂದಿದಾಳೆ. ಹಸಿರು ಬಣ್ಣದ ದೊಡ್ಡ ಬಟನ್ ಕಂಡಿದೆ, ಒತ್ತಿದಾಳೆ. ಅದು ಪಿಡಿಎಫ್ ಅಲ್ಲ, ಒಂದು ಸಾಲ ಕೊಡೋ ಆಪ್. ಹೆಸರು ಬೇಡ. ಹೆಸರು, ಫೋನ್ ನಂಬರ್ ಕೇಳಿದೆ. "ಅಕ್ಕನ ಸೈಟಲ್ವಾ" ಅಂತ ಚಿಕ್ಕಪ್ಪನ ನಂಬರ್ ಕೊಟ್ಟಿದಾಳೆ.

ಆಮೇಲೆ ಒಂದು ತಿಂಗಳು ಚಿಕ್ಕಪ್ಪನಿಗೆ ಫೋನೋ ಫೋನು. ಗದ್ದೇಲಿದ್ದಾಗ, ಊಟಕ್ಕೆ ಕೂತಾಗ, ಸಾಲ ಬೇಕಾ, ಸಾಲ ಬೇಕಾ. ಮನೇಲಿ ಯಾರೋ ಗುಟ್ಟಾಗಿ ಸಾಲಕ್ಕೆ ಅರ್ಜಿ ಹಾಕಿದಾರೆ ಅಂತ ಚಿಕ್ಕಪ್ಪ ಚಿಕ್ಕಮ್ಮನ ಮೇಲೇ ಅನುಮಾನಪಟ್ಟು ಎರಡು ದಿನ ಮಾತು ಬಿಟ್ಟಿದ್ರು. ಹುಡುಗಿ ಭಯಕ್ಕೆ ಬಾಯಿ ಬಿಟ್ಟಿರಲಿಲ್ಲ. ಕೊನೆಗೆ ನನಗೆ ಫೋನ್ ಮಾಡಿ ಅತ್ತಳು. "ಅಕ್ಕಾ, ನಾನೇನು ತಪ್ಪು ಒತ್ತಿದೆ?" ಅಂದಳು.

ಅವಳು ತಪ್ಪು ಒತ್ತಿರಲಿಲ್ಲ. ನಾನು ಎಲ್ಲಿ ಒತ್ತಬೇಕು ಅಂತ ಇಟ್ಟಿದ್ನೋ ಅಲ್ಲೇ ಒತ್ತಿದ್ದಳು.

ಅವಳು ಹೇಳಿದ ದಿನದ ರಿಪೋರ್ಟ್ ತೆಗೆದು ನೋಡಿದೆ. ಇಡೀ ದಿನದ ಗಳಿಕೆ 9 ಸೆಂಟ್. ಒಂದು ಮನೇಲಿ ಎರಡು ದಿನ ಮಾತು ನಿಂತಿದ್ದಕ್ಕೆ ನನಗೆ ಸಿಕ್ಕಿದ್ದು ಒಂದು ಟೀ ದುಡ್ಡೂ ಅಲ್ಲ.

—

ಭಾಗ 5/8

"ಅದು ಆಪಿನವರ ತಪ್ಪು, ನಿಂದೇನು?" ಅಂತ ನನ್ನ ಕ್ಲಾಸ್‌ಮೇಟ್ಸೇ ಕೇಳಿದ್ರು. ತಕ್ಕಡಿ ಅಡಿಯಲ್ಲಿ ಅಯಸ್ಕಾಂತ ಇಟ್ಟು ಅಕ್ಕಿ ತೂಗಿದ ಮೇಲೆ, ಅಕ್ಕಿ ಮಿಲ್ಲಿನವನ ತಪ್ಪು ಅನ್ನೋಕಾಗುತ್ತಾ?

ಇದು ಬರೀ ಮನಸ್ಸಾಕ್ಷಿ ಮಾತಲ್ಲ, ನಿಯಮವೂ ಇದೆ. ಆಡನ್ನ ಡೌನ್‌ಲೋಡ್ ಬಟನ್ ಥರ, ಮೆನು ಥರ ಕಾಣೋ ಹಾಗೆ ಇಡಬಾರದು. "ಇಲ್ಲಿ ಒತ್ತಿ" ಅಂತ ಬಾಣ ಬಿಡಿಸಬಾರದು. ಮೇಲೆ "ಉಪಯುಕ್ತ ಲಿಂಕ್‌ಗಳು" ಅಂತ ಬರೆದು ಆಡ್ ಮುಚ್ಚಿಡಬಾರದು. ನಿಮ್ಮ ಆಡನ್ನ ನೀವೇ ಒತ್ತಬಾರದು. ಇದೆಲ್ಲ ಆಡ್‌ಸೆನ್ಸ್ ನಿಯಮದಲ್ಲೇ ಇದೆ, ಮೀರಿದವರ ಖಾತೆ ಮುಚ್ಚಬಹುದು. ರೀಲಿನಲ್ಲಿ ಇದನ್ನೇ "ಟ್ರಿಕ್" ಅಂತಾರೆ.

ಇನ್ನೊಂದು ರೋಗ, ಕ್ಲಿಕ್ ಗುಂಪು. "ನೀ ನನ್ನದು ಒತ್ತು, ನಾ ನಿನ್ನದು ಒತ್ತುತೀನಿ" ಅಂತ ಟೆಲಿಗ್ರಾಮಲ್ಲಿ ನೂರಾರು ಜನ. ನಮ್ಮ ಕಾಲೇಜಿನವರೂ ಇದಾರೆ, ಓದ್ತಿದ್ರೆ ಓದ್ಕೊಳ್ಳಿ. ಅದು ಯಾರ ದುಡ್ಡು ಅಂತ ಯೋಚನೆ ಮಾಡಿದೀರಾ? ಗೂಗಲ್ ದುಡ್ಡಲ್ಲ. ಜಾಹೀರಾತು ಕೊಟ್ಟವರದ್ದು. ಅವರಲ್ಲಿ ದೊಡ್ಡ ಕಂಪನಿ ಇರಬಹುದು, ಹುಬ್ಬಳ್ಳಿಯಲ್ಲಿ ಹೊಸದಾಗಿ ಟ್ಯೂಷನ್ ಶುರು ಮಾಡಿ ದಿನಕ್ಕೆ 200 ರೂಪಾಯಿ ಆಡಿಗೆ ತೆಗೆದಿಟ್ಟ ಮೇಷ್ಟ್ರೂ ಇರಬಹುದು. ನಿಮ್ಮ ಗುಂಪಿನ ಹತ್ತು ಬೆರಳು ಸೇರಿ ಆ ಮೇಷ್ಟ್ರ ಜೇಬಿಗೆ ಕೈ ಹಾಕ್ತಿದೀರಿ.

ನಕಲಿ ಕ್ಲಿಕ್ ಅಂತ ಕಂಡುಬಂದ್ರೆ ಆ ಗಳಿಕೆ ನಿಮ್ಮ ಖಾತೆಯಿಂದ ಕಡಿತ ಆಗುತ್ತೆ, ಅದು ಬೇರೆ ಮಾತು. ಸಿಕ್ಕಿಬೀಳ್ತೀರಿ ಅನ್ನೋದಕ್ಕೆ ಬೇಡ ಅಂತಿಲ್ಲ. ಸಿಕ್ಕಿಬೀಳದೇ ಇದ್ರೂ ಅದು ಕಳ್ಳತನ, ಅದಕ್ಕೆ ಬೇಡ ಅಂತಿದೀನಿ.

—

ಭಾಗ 6/8

ಸರಿ, ನೀತಿ ಪಾಠ ಸಾಕು. ಲೆಕ್ಕ ಮಾಡೋಣ. ನಾವು ಬಿಕಾಂನವರು.

ಸಾವಿರ ಪುಟ ವೀಕ್ಷಣೆಗೆ 40 ರೂಪಾಯಿ ಅಂತ ಇಟ್ಕೊಳ್ಳಿ. ಇದು ಲೆಕ್ಕಕ್ಕೆ ಹಿಡಿದ ಅಂಕಿ. ನಿಮ್ಮದು ವಿಷಯ, ಭಾಷೆ, ತಿಂಗಳ ಮೇಲೆ ಹೆಚ್ಚುಕಮ್ಮಿ ಆಗುತ್ತೆ. ಡಾಲರಿಗೆ 85 ರೂಪಾಯಿ ಅಂತ ಇಟ್ಕೊಳ್ಳಿ.

ದುಡ್ಡು ಬ್ಯಾಂಕಿಗೆ ಬರಬೇಕಂದ್ರೆ ಖಾತೇಲಿ 100 ಡಾಲರ್ ಆಗಬೇಕು, ಅಂದ್ರೆ 8,500 ರೂಪಾಯಿ. ಅದಕ್ಕೆ 2,12,500 ವೀಕ್ಷಣೆ ಬೇಕು. ದಿನಕ್ಕೆ 200 ಜನ ಬರೋ ಸೈಟಿಗೆ 1,062 ದಿನ ಚಿಲ್ಲರೆ. ಹತ್ತಿರ ಹತ್ತಿರ ಮೂರು ವರ್ಷ. ಪದವೀನೇ ಮುಗಿದುಹೋಗುತ್ತೆ.

ಈಗ ಗುರುಗಳ 1,999 ರೂಪಾಯಿ ಕೋರ್ಸ್. ಅದರ ದುಡ್ಡು ವಾಪಸ್ ದುಡಿಯೋಕೇ ಸುಮಾರು 50,000 ವೀಕ್ಷಣೆ, ಅಂದ್ರೆ 250 ದಿನ. ಆಡ್ ಯೂನಿಟ್‌ನಿಂದ ಅಷ್ಟು ಸುಲಭಕ್ಕೆ ದುಡ್ಡು ಬರೋದಾಗಿದ್ರೆ ಆ ಮನುಷ್ಯ ಆಡ್ ಹಾಕ್ಕೊಂಡು ಮಲಗ್ತಿದ್ದ, ನಿಮ್ಮ ಹತ್ರ 1,999 ಕೇಳ್ತಿರಲಿಲ್ಲ. ಅವರ ಆದಾಯ ಆಡ್ ಅಲ್ಲ. ಅವರ ಆದಾಯ ನೀವು.

ನಡುವೆ ಇನ್ನೊಂದು ಮೆಟ್ಟಿಲಿದೆ. ಗಳಿಕೆ 10 ಡಾಲರ್ ಮುಟ್ಟಿದಾಗ ವಿಳಾಸ ಖಚಿತ ಮಾಡೋಕೆ ಅಂಚೆಯಲ್ಲಿ ಒಂದು ಪಿನ್ ಕಾಗದ ಕಳಿಸ್ತಾರೆ. ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ. ನಾಲ್ಕು ತಿಂಗಳೊಳಗೆ ಆ ಪಿನ್ ಹಾಕದಿದ್ರೆ ಆಡ್ ನಿಲ್ಲುತ್ತೆ. ನಾನು ಹಾಸ್ಟೆಲ್ ವಿಳಾಸ ಕೊಟ್ಟು ರೂಮ್ ನಂಬರ್ ಬರೆಯೋದೇ ಮರೆತಿದ್ದೆ. ಮೊದಲ ಕಾಗದ ಕೈ ಸೇರಲಿಲ್ಲ. ಆಮೇಲೆ ಊರಿನ ಅಂಗಡಿ ವಿಳಾಸ ಕೊಟ್ಟೆ, ಪೋಸ್ಟ್‌ಮ್ಯಾನ್ ನೇರ ಅಪ್ಪನ ಕೈಗೇ ಕೊಟ್ಟರು. ಊರಿನ ವಿಳಾಸ ಕೊಡಿ, ಮನೆ ನಂಬರ್ ಸಮೇತ.

ನನ್ನ ಲೆಕ್ಕವನ್ನೂ ಇಡ್ತೀನಿ. 13 ತಿಂಗಳಲ್ಲಿ 31 ಡಾಲರ್. ಕೈಗೆ ಇನ್ನೂ ಒಂದು ರೂಪಾಯಿ ಬಂದಿಲ್ಲ. ಖರ್ಚಿನ ಕಡೆ ಡೊಮೇನ್‌ಗೆ ವರ್ಷಕ್ಕೆ 900 ಚಿಲ್ಲರೆ, ಕೈಯಿಂದಲೇ ಹೋಗ್ತಿದೆ.

—

ಭಾಗ 7/8

ಲೆಕ್ಕ ನೋಡಿದ ಮೇಲೆ ಬರೋ ಮುಂದಿನ ಉಪದೇಶ ಗೊತ್ತಲ್ಲ? "ಕನ್ನಡ ಬಿಟ್ಟು ಇಂಗ್ಲಿಷಲ್ಲಿ ಬರಿ, ರೇಟ್ ಜಾಸ್ತಿ."

ಇಂಗ್ಲಿಷ್ ಪುಟಕ್ಕೆ ಸಾಮಾನ್ಯವಾಗಿ ಹೆಚ್ಚು ಸಿಗುತ್ತೆ, ಒಪ್ತೀನಿ. ದುಡ್ಡು ಬೇಕು ಅನ್ನೋದೂ ತಪ್ಪಲ್ಲ, ನನಗೂ ಬೇಕು. ಪರೀಕ್ಷಾ ಶುಲ್ಕ ಕಟ್ಟುವಾಗ ಅಪ್ಪ ಗಲ್ಲಾಪೆಟ್ಟಿಗೆ ಎರಡು ಸಲ ಎಣಿಸೋದನ್ನ ನಾನು ನೋಡಿದೀನಿ. ಆದ್ರೆ ಇಂಗ್ಲಿಷಲ್ಲಿ ಸವಕಳಿ ಹೇಳಿಕೊಡೋರು ಸಾವಿರ ಜನ ಇದಾರೆ. ಅಲ್ಲಿ ನಾನು ಸಾವಿರದ ಒಂದನೆಯವಳು. ಕನ್ನಡದಲ್ಲಿ ನೇರ ಇಳಿಕೆ ಪದ್ಧತೀನ ಹಂತ ಹಂತವಾಗಿ ಮಾಡಿ ತೋರಿಸಿದ ಪುಟ ಎಷ್ಟಿವೆ, ನೀವೇ ಹುಡುಕಿ ನೋಡಿ.

ಒಂದು ವಿಷಯ ನೆನಪಿರಲಿ. ಆಡ್‌ಸೆನ್ಸ್ ಎಲ್ಲ ಭಾಷೆಗೂ ಇರಲಿಲ್ಲ. ಹಿಂದಿ ಸೇರಿದ್ದು 2014ರ ಕೊನೆಗೆ. ಬಂಗಾಳಿ 2017ರಲ್ಲಿ, ತಮಿಳು 2018ರ ಫೆಬ್ರವರಿಯಲ್ಲಿ. ಕನ್ನಡದ ಸರದಿ ಬಂದದ್ದು ಇವೆಲ್ಲ ಆದ ಮೇಲೆ. ಅಲ್ಲೀವರೆಗೆ ಕನ್ನಡದಲ್ಲಿ ಸೈಟ್ ನಡೆಸಿದವರು ಈ ಆದಾಯದ ಭರವಸೆ ಇಲ್ಲದೇ ಬರೆದರು. ನಮಗೆ ಬಾಗಿಲು ತೆರೆದಿದೆ. ಆ ಬಾಗಿಲಿಂದ ನಾವು ಒಳಗೆ ತರ್ತಿರೋದೇನು? ನಕಲು ಹೊಡೆದ ನೋಟ್ಸು, ಇಲ್ಲದ ಹುದ್ದೆಗೆ "ಅರ್ಜಿ ಆಹ್ವಾನ", ಫಲಿತಾಂಶದ ದಿನ "ಇಲ್ಲಿ ಒತ್ತಿ" ಅನ್ನೋ ಹತ್ತು ಹಸಿರು ಬಟನ್.

ಹಳ್ಳಿ ಹುಡುಗಿಯೊಬ್ಬಳು ಮೊದಲ ಸಲ ಕನ್ನಡದಲ್ಲಿ ಹುಡುಕಿ, ಕನ್ನಡ ಪುಟಕ್ಕೆ ಬಂದು, ಮೋಸ ಹೋದಳು ಅಂದ್ಕೊಳ್ಳಿ. ಅವಳು ಎರಡನೇ ಸಲ ಕನ್ನಡದಲ್ಲಿ ಹುಡುಕ್ತಾಳಾ? "ಕನ್ನಡ ಸೈಟ್ ಅಂದ್ರೆ ಬರೀ ಆಡು" ಅಂತ ಅವಳ ತಲೇಲಿ ಕೂತುಬಿಟ್ರೆ, ನಾಳೆ ಒಳ್ಳೇದು ಬರೆದವರ ಪುಟಕ್ಕೂ ಅವಳು ಬರಲ್ಲ. ನಾವು ಕೆಡಿಸ್ತಿರೋದು ನಮ್ಮೊಬ್ಬರ ಅಂಗಡಿ ಹೆಸರಲ್ಲ, ಇಡೀ ಬೀದಿ ಹೆಸರು.

—

ಭಾಗ 8/8

ಹಾಗಾದ್ರೆ ಮೊದಲ ಆಡ್ ಯೂನಿಟ್ ಎಲ್ಲಿ?

ಓದುಗ ಯಾವುದಕ್ಕೆ ಬಂದಿದಾನೋ ಅದು ಸಿಕ್ಕ ಮೇಲೆ. ನನ್ನ ಪುಟದಲ್ಲಿ ಈಗ ಲೆಕ್ಕ ಮುಗಿಯುತ್ತೆ, ಪಿಡಿಎಫ್ ಬಟನ್ ಬರುತ್ತೆ, ಒಂದಿಷ್ಟು ಜಾಗ ಬಿಟ್ಟು "ಜಾಹೀರಾತು" ಅಂತ ಬರೆದು ಅದರ ಕೆಳಗೆ ಒಂದೇ ಯೂನಿಟ್. ಉದ್ದದ ಪಾಠ ಆದ್ರೆ ಎರಡು ಭಾಗದ ಮಧ್ಯೆ ಇನ್ನೊಂದು ಹಾಕಬಹುದು, ಲೆಕ್ಕದ ಮಧ್ಯೆ ಅಲ್ಲ. ಜರ್ನಲ್ ಎಂಟ್ರಿಯ ಡೆಬಿಟ್‌ಗೂ ಕ್ರೆಡಿಟ್‌ಗೂ ನಡುವೆ ಆಡ್ ಬಂದ್ರೆ ಕಲಿಯೋನು ಹಾಳಾಗಿ ಹೋಗ್ತಾನೆ.

ಒಂದು ತಿಂಗಳು ಒಂದೇ ಯೂನಿಟ್ ಇಟ್ಟು ರಿಪೋರ್ಟ್ ನೋಡಿ, ಆಮೇಲೆ ಎರಡನೇದರ ಮಾತು. ಮೊಬೈಲಲ್ಲಿ ಬರಹದ ಎತ್ತರದ ಶೇ. 30ಕ್ಕಿಂತ ಹೆಚ್ಚು ಆಡೇ ಇದ್ರೆ, ಜನಕ್ಕೆ ಕಿರಿಕಿರಿ ಮಾಡೋ ಪುಟ ಅಂತ ಬೆಟರ್ ಆಡ್ಸ್ ಮಾನದಂಡದಲ್ಲೇ ಇದೆ. ಅದನ್ನ ಮೀರಿದ ಸೈಟುಗಳ ಆಡನ್ನ ಕ್ರೋಮ್ 2018ರ ಫೆಬ್ರವರಿಯಿಂದ ತಡೀತಿದೆ. ಸಾಲ, ಜೂಜಿನಂಥ ಬೇಡದ ವರ್ಗಗಳನ್ನ ತಡೆಯೋ ಅವಕಾಶ ನಿಮ್ಮ ಖಾತೇಲೇ ಇದೆ, ಹೋಗಿ ನೋಡಿ. ನಾನು ಅದನ್ನ ಮಾಡಿದ್ದು ಚಿಕ್ಕಪ್ಪನ ಮನೇಲಿ ಜಗಳ ಆದ ಮೇಲೆ. ನೀವು ಮೊದಲೇ ಮಾಡಿ.

ಪಬ್ಲಿಷ್ ಒತ್ತೋ ಮುಂಚೆ ಒಂದು ಪರೀಕ್ಷೆ. ಪುಟವನ್ನ ನಿಮ್ಮ ಅಮ್ಮನ ಫೋನಲ್ಲಿ ತೆರೀರಿ. ಆಡನ್ನ ಒತ್ತಬೇಡಿ, ಬರೀ ನೋಡಿ. ಅಮ್ಮನ ಹೆಬ್ಬೆರಳು ಎಲ್ಲಿಗೆ ಹೋಗುತ್ತೆ? ಅಲ್ಲಿ ಆಡ್ ಇದ್ರೆ ತೆಗೀರಿ.

ನಷ್ಟ ಆಗಲ್ವಾ ಅಂತ ಕೇಳಿದ್ರೆ, ಆಗುತ್ತೆ. ಜಾಗ ಬದಲಿಸಿದ ತಿಂಗಳು ನನ್ನ ಗಳಿಕೆ 4 ಡಾಲರ್ 10 ಸೆಂಟ್‌ನಿಂದ 2 ಡಾಲರ್ 30 ಸೆಂಟ್‌ಗೆ ಇಳೀತು. ಇವತ್ತಿಗೂ ಹಳೇ ಅಂಕಿ ಮುಟ್ಟಿಲ್ಲ. ಸತ್ಯವಂತರಿಗೆ ಕೊನೆಗೆ ದುಡ್ಡು ಬಂದೇ ಬರುತ್ತೆ ಅಂತ ನಾನು ಹೇಳಲ್ಲ, ಹಾಗೆ ಹೇಳಿದ್ರೆ ನಾನೂ ಒಬ್ಬ ರೀಲ್ ಗುರು. 1 ಡಾಲರ್ 80 ಸೆಂಟ್ ನಂದಲ್ಲ ಅಂತ ತೀರ್ಮಾನ ಮಾಡಿದೆ, ಬಿಟ್ಟೆ, ಅಷ್ಟೇ.

ಚಿಕ್ಕಮ್ಮನ ಮಗಳು ಈಗ ಬಿಕಾಂ ಮೊದಲ ವರ್ಷ. ಹೋದ ವಾರ ಮೆಸೇಜ್ ಹಾಕಿದ್ದಳು: "ಅಕ್ಕಾ, ನಮ್ಮ ಕ್ಲಾಸ್ ಗ್ರೂಪಿಗೆ ನಿನ್ನ ಸೈಟ್ ಲಿಂಕ್ ಹಾಕ್ಲಾ? ಈಗ ಸರಿ ಇದೆ ತಾನೆ?"

ನಾನು ಉತ್ತರ ಕೊಡೋ ಮುಂಚೆ ಹೋಗಿ ಪುಟ ಇನ್ನೊಂದ್ಸಲ ತೆರೆದು ನೋಡಿದೆ. ಆಮೇಲೆ "ಹಾಕು" ಅಂದೆ.

ಒಪ್ಪದವರು ಕಾಮೆಂಟಿಗೆ ಬನ್ನಿ, ಜಗಳ ಆಡೋಣ. ಹೊಸದಾಗಿ ಸೈಟ್ ಮಾಡ್ತಿರೋ ಗೆಳೆಯರಿಗೆ ಕಳಿಸಿ. ಮುಂದಿನ ಸರಣಿ: ಡೊಮೇನ್ ಕೊಳ್ಳುವಾಗ ಎರಡನೇ ವರ್ಷದ ಬೆಲೆ ಯಾಕೆ ಮೊದಲು ನೋಡಬೇಕು.

#ಕನ್ನಡವೆಬ್‌ಸೈಟ್ #ಆಡ್‌ಸೆನ್ಸ್ #ಬಿಕಾಂ #ಬಾಗಿಲಿಗೆಬೋರ್ಡ್‌ಬೇಡ